ಬೆಟ್ಟ ಕಾಣದ ಸೋಮವಾರಗಳು

ಲಗ್ಗೆರೆಯ ಚಿಕ್ಕಮುನಿಯಪ್ಪನನ್ನು ಊರಿನವರೆಲ್ಲ ಒಳ್ಳೆಯವನು ಅನ್ನುತ್ತಿದ್ದರು. ನಾನು ಅವನ ಪಕ್ಕದ ಮನೆಯವನು, ಪೀಣ್ಯದ ಅದೇ ಕಾರ್ಖಾನೆಯಲ್ಲಿ ಅವನ ಜೊತೆ ಹದಿನಾಲ್ಕು ವರ್ಷ ಫಿಟ್ಟರ್ ಕೆಲಸ ಮಾಡಿದವನು. ಬೈದರೆ ಬೈಸಿಕೊಳ್ಳುವವನನ್ನು, ಯಾರು ಏನು ಹೇಳಿದರೂ ಕೋಲೆ ಬಸವನಂತೆ ತಲೆಯಾಡಿಸುವವನನ್ನು ನಮ್ಮ ಜನ ಒಳ್ಳೆಯವನು ಅಂದುಬಿಡುತ್ತಾರೆ. ಅಂಥ ಒಳ್ಳೆಯತನ ಕಂಡರೆ ನನಗೆ ಮೈಯುರಿಯುತ್ತದೆ.

ಅವನ ಎರಡು ಎಕರೆ ರಾಗಿ ಹೊಲ ಕಾರ್ಖಾನೆಗೆ ಹೋದಾಗ ಸಿಕ್ಕಿದ್ದು ಒಂದು ಕೆಲಸ, ಎರಡು ಜೊತೆ ಖಾಕಿ ಬಟ್ಟೆ. ಒಂದು ಕಾಲಕ್ಕೆ ತನ್ನದೇ ಆಗಿದ್ದ ಆ ನೆಲಕ್ಕೆ ಕಾಲಿಡುವ ಮುಂಚೆ ಗೇಟಿನಲ್ಲಿ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ. ನೆಲಕ್ಕಲ್ಲ, ಮ್ಯಾನೇಜರ್ ಕಾರಿಗೆ.

ಅವನ ಹೆಂಡತಿ ಸೊಣ್ಣಮ್ಮ ಬೇರೆಯೇ ಮಣ್ಣಿನವಳು. ತವರು ಶಿವಗಂಗೆಯ ಕಡೆ. ಸೋಮವಾರ ಬೆಳಿಗ್ಗೆ ಊರ ಹಿಂದಿನ ಬಂಡೆ ಹತ್ತಿ, ದೂರದಲ್ಲಿ ಶಿವಗಂಗೆ ಬೆಟ್ಟದ ತುದಿ ಕಂಡು ಕೈಮುಗಿದ ಮೇಲೆಯೇ ಬಾಯಿಗೆ ತುತ್ತಿಡುತ್ತಿದ್ದಳು. ಅದು ಅವರ ಮನೆಯ ಹೆಣ್ಣುಮಕ್ಕಳು ನಡೆಸಿಕೊಂಡು ಬಂದ ವ್ರತ. ಮೋಡ ಮುಚ್ಚಿದರೆ ಸಂಜೆ ದೀಪ ಹಚ್ಚಿ ಉಣ್ಣಬಹುದು, ಮೋಡ ದೇವರು ಕಳಿಸಿದ್ದು ಅಂತ ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಹೊಗೆಯ ಬಗ್ಗೆ ಅಜ್ಜಿ ಏನೂ ಹೇಳಿರಲಿಲ್ಲ.

ಎಂಬತ್ತೆರಡರ ಹೊತ್ತಿಗೆ ಕರೆಂಟಿನ ಕಡಿತ ಹೆಚ್ಚಾಯಿತು. ಕಾರ್ಖಾನೆಯವರು ಕಲ್ಲಿದ್ದಲು ಸುಟ್ಟು ತಮ್ಮ ವಿದ್ಯುತ್ತನ್ನು ತಾವೇ ತಯಾರಿಸಲು ಒಂದು ಪವರ್‌ಹೌಸ್ ಕಟ್ಟಿಕೊಂಡರು. ಅದರ ಚಿಮಣಿ ಸರಿಯಾಗಿ ನಮ್ಮ ಬಂಡೆಗೂ ಬೆಟ್ಟಕ್ಕೂ ನಡುವೆ ಎದ್ದು ನಿಂತಿತು. ಆಮೇಲೆ ಆ ದಿಕ್ಕಿನಲ್ಲಿ ಕಂಡದ್ದು ಕೊಳಕು ಗೋಣಿತಾಟಿನಂಥ ಹೊಗೆ ಮಾತ್ರ. ಒಣಗಲು ಹಾಕಿದ ಸಂಡಿಗೆಯ ಮೇಲೆ ಬೂದಿ, ಮಕ್ಕಳ ತಲೆಯ ಮೇಲೆ ಬೂದಿ. ಸೊಣ್ಣಮ್ಮ ಸೋಮವಾರಗಳನ್ನು ಬರೀ ನೀರು ಕುಡಿದು ಕಳೆಯತೊಡಗಿದಳು.

ಸರ್ಕಾರ ಕೇಳಿತು ಅಂತ ಬೂದಿ ಹಿಡಿಯುವ ಯಂತ್ರವೊಂದನ್ನು ಚಿಮಣಿಗೆ ಜೋಡಿಸಿದ್ದರು. ಅದು ಓಡಿದರೆ ಅರ್ಧ ಗಂಟೆಯಲ್ಲಿ ಹೊಗೆ ತೆಳ್ಳಗಾಗಿ ಆಚೆ ಬದಿ ಕಾಣುತ್ತಿತ್ತು. ಆದರೆ ಯಂತ್ರ ಕರೆಂಟು ತಿನ್ನುತ್ತದೆ ಅಂತ ಮ್ಯಾನೇಜರ್ ಅದನ್ನು ಮಲಗಿಸಿಬಿಟ್ಟಿದ್ದ. ತಪಾಸಣೆಗೆ ಬರುವ ಅಧಿಕಾರಿಗಳು ಮುಂಚೆಯೇ ಫೋನ್ ಮಾಡುವಷ್ಟು ಮರ್ಯಾದಸ್ಥರು. ಅವತ್ತು ಮಾತ್ರ ಯಂತ್ರ ಓಡುತ್ತಿತ್ತು. ಅವರು ಕತ್ತೆತ್ತಿ ನೋಡಿ, ಬಿರಿಯಾನಿ ತಿಂದು, ಎಲ್ಲ ಸರಿಯಾಗಿದೆ ಅಂತ ಬರೆದು ಹೋಗುತ್ತಿದ್ದರು. ಥೂ!

ಆ ಯಂತ್ರದ ಗುಂಡಿ ಒತ್ತುವ ಕೆಲಸ ಯಾರದು ಅಂದುಕೊಂಡಿರಿ? ನಮ್ಮ ಚಿಕ್ಕಮುನಿಯಪ್ಪನದು. ಮನೆಯಲ್ಲಿ ಮಾತ್ರ ಹೆಂಡತಿಗೆ ಬೇರೆ ಕಥೆ ಹೇಳಿದ್ದ: "ಅದು ನಮ್ಮಂಥೋರ್ ಮುಟ್ಟೋ ಮಿಷನ್ ಅಲ್ಲ ಕಣೇ. ದೊಡ್ಡ ಇಂಜಿನೇರ್ ಬಂದ್ರೇನೇ ಓಡೋದು."

ಒಂದು ದಿನ ತಡೆಯಲಾರದೆ ಕೇಳಿದೆ. "ಅಲ್ಲ ಕಣೋ, ಸೋಮವಾರ ಅರ್ಧ ಗಂಟೆ ಹಾಕಿದ್ರೆ ನಿಮ್ಮಪ್ಪನ ಗಂಟೇನ್ ಓಯ್ತದೆ?"

"ಕೆಲ್ಸ ಓಯ್ತದೆ ಲಕ್ಷ್ಮಯ್ಯ. ರಿಟೇರ್ ಆಗಕ್ಕೆ ಇನ್ನಾರು ವರ್ಷ ಐತೆ. ಒಂದಿನ ಉಣ್ದಿದ್ರೆ ಯಾರೂ ಸಾಯಕ್ಕಿಲ್ಲ ಬಿಡು."

ಹೀಗೆ ಹೇಳುವಾಗ ಅವನ ಬಾಯಲ್ಲಿ ಅವಳೇ ಕಟ್ಟಿಕೊಟ್ಟ ಮುದ್ದೆಯಿತ್ತು. ನೀನಾದರೂ ಅವಳಿಗೆ ಹೇಳಬಹುದಿತ್ತಲ್ಲ ಅಂತ ನನ್ನನ್ನು ಕೇಳಬೇಡಿ. ನಾನೂ ಹೇಳಲಿಲ್ಲ. ನನಗೂ ಅದೇ ಕಾರ್ಖಾನೆ ಸಂಬಳ ಕೊಡುತ್ತಿತ್ತು.

ಸೊಣ್ಣಮ್ಮ ತಾನೇ ಹೋಗಿ ಗೇಟಿನ ಮುಂದೆ ಮ್ಯಾನೇಜರ್ ಕಾರು ನಿಲ್ಲಿಸಿ, ಸೋಮವಾರ ಬೆಳಿಗ್ಗೆಯಾದರೂ ಬೆಟ್ಟ ಕಾಣುವಂತೆ ಮಾಡಿ ಅಂತ ಕೇಳಿದಳು. ಅವನಿಗೆ ಅದೊಂದು ತಮಾಷೆ. ಬೋರ್ಡು ಬರೆಯುವವನನ್ನು ಕರೆಸಿ ಕಾಂಪೌಂಡ್ ಗೋಡೆಯ ಮೇಲೆ ಶಿವಗಂಗೆ ಬೆಟ್ಟ ಬರೆಸಿಬಿಟ್ಟ. ಮೇಲೊಂದು ನಂದಿ, ಕೆಳಗೆ ಕಾರ್ಖಾನೆಯ ಹೆಸರು.

"ನೋಡಮ್ಮ, ಇನ್ಮೇಲೆ ಬಂಡೆ ಹತ್ತೋ ಕಷ್ಟಾನೂ ಇಲ್ಲ" ಅಂದ.

ಚಿಕ್ಕಮುನಿಯಪ್ಪ ಪಕ್ಕದಲ್ಲೇ ನಿಂತು, ದೊಡ್ಡ ಉಪಕಾರವಾಯಿತು ಅಂತ ಹಲ್ಲು ಕಿರಿದ. ಸೊಣ್ಣಮ್ಮ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದಳು.

"ಚೆನ್ನಾಗೈತೆ ಸಾಮಿ. ಅನ್ನದ ಚಿತ್ರಾನೂ ಒಂದು ಬರೆಸ್ಕೊಡ್ತೀನಿ, ಉಂಡೇಳ್ತೀರಾ?"

ಮ್ಯಾನೇಜರ್ ಮುಖ ಕೆಂಪಾಯಿತು. ಆ ವಾರವೆಲ್ಲ ಚಿಕ್ಕಮುನಿಯಪ್ಪ ಹೆಂಡತಿಯ ಜೊತೆ ಮಾತು ಬಿಟ್ಟ, ಸಾಹೇಬರಿಗೆ ಅವಮಾನ ಮಾಡಿದಳು ಅಂತ!

ಎರಡು ವರ್ಷ ಹೀಗೇ ನಡೆಯಿತು. ಎಂಬತ್ತನಾಲ್ಕರ ಮಾಘದಲ್ಲಿ ಒಂದು ಸೋಮವಾರ, ಹೊಗೆ ಸರಿಯುತ್ತದೇನೋ ಅಂತ ಮಧ್ಯಾಹ್ನದವರೆಗೆ ಬಂಡೆಯ ಮೇಲೆ ಕಾದಿದ್ದ ಸೊಣ್ಣಮ್ಮ ಕಣ್ಣು ಕತ್ತಲೆ ಬಂದು ಉರುಳಿಬಿದ್ದಳು. ಹಣೆಗೆ ಆರು ಹೊಲಿಗೆ ಬಿತ್ತು. ಇನ್ನು ಹೀಗೆ ಉಪವಾಸ ಮಾಡಿದರೆ ಉಳಿಯುವುದಿಲ್ಲ ಅಂತ ಡಾಕ್ಟರು ಖಂಡಿತವಾಗಿ ಹೇಳಿದರು. ಚಿಕ್ಕಮುನಿಯಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತ. ಅಳುವುದಕ್ಕೆ ಮ್ಯಾನೇಜರ್ ಅಪ್ಪಣೆ ಬೇಕಿರಲಿಲ್ಲವಲ್ಲ.

ಮುಂದಿನ ಸೋಮವಾರ ರಾತ್ರಿಪಾಳಿ ಮುಗಿಯುವುದಕ್ಕೆ ಒಂದು ಗಂಟೆ ಮುಂಚೆ ಅವನು ಗುಂಡಿ ಒತ್ತಿದ. ಅಷ್ಟರಮಟ್ಟಿಗೆ ಮೆಚ್ಚಬೇಕು. ಬೆಳಿಗ್ಗೆ ಏಳು ಗಂಟೆಗೆ ತೊಳೆದಿಟ್ಟಂತೆ ಬೆಟ್ಟ ಎದ್ದು ಕಂಡಿತು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಸೊಣ್ಣಮ್ಮ ಅಳುತ್ತಾ ನಗುತ್ತಾ ಬಂಡೆ ಇಳಿದು ಬಂದಳು. ಒಲೆ ಹಚ್ಚಿ ಮುದ್ದೆ ತಿರುವಿದಳು, ಹುರುಳಿಕಾಳಿನ ಸಾರು ಮಾಡಿದಳು. ನೋಡಿಕೊಂಡು ಹೋಗೋಣ ಅಂತ ಬಂದ ನನಗೂ ತಟ್ಟೆ ಇಟ್ಟಳು.

ಗಂಡ ಏದುಸಿರು ಬಿಡುತ್ತಾ ಒಳಗೆ ಬಂದ. "ಕಂಡ್ತಾ?"

"ಕಂಡ್ತು! ಎಂಗ್ ಕಂಡ್ತು ಅಂತೀಯ! ದೊಡ್ಡ ಇಂಜಿನೇರ್ ಬಂದಿದ್ರಾ?"

"ಯಾವ ಇಂಜಿನೇರೂ ಇಲ್ಲ" ಅಂದ ಎದೆಯುಬ್ಬಿಸಿ. "ನಾನೇ ಕಣೇ. ಯಾರ್ನೂ ಕೇಳ್ಲಿಲ್ಲ. ಗುಂಡಿ ಒತ್ದೆ, ಓಡ್ತು."

ಸೊಣ್ಣಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಒತ್ತಿದ್ರೆ ಓಡ್ತದಾ?"

"ಊಂ."

"ಎರಡು ವರ್ಷದಿಂದ ನಿನ್ ಕೈಲೇ ಇತ್ತಾ ಅದು?"

ಅವನು ನನ್ನ ಮುಖ ನೋಡಿದ. ನಾನು ತಟ್ಟೆ ನೋಡಿಕೊಂಡೆ. ಸೊಣ್ಣಮ್ಮ ಅವನ ತಟ್ಟೆಗೆ ಮುದ್ದೆ ಇಟ್ಟು ಸಾರು ಹಾಕಿದಳು. ತನ್ನ ತಟ್ಟೆಯನ್ನು ಮಗುಚಿಟ್ಟು ಹಿತ್ತಲಿಗೆ ಹೋದಳು. ಬೆಟ್ಟ ಕಂಡಿದ್ದರೂ ಅವಳು ಅವತ್ತು ಉಣ್ಣಲಿಲ್ಲ.

ಚಿಕ್ಕಮುನಿಯಪ್ಪ ಆ ಮಗುಚಿಟ್ಟ ತಟ್ಟೆಯನ್ನು ಒಮ್ಮೆ ನೋಡಿದ. ಆಮೇಲೆ ಉಂಡ.