ಚಿಕ್ಕ ಸೊಸೆಯ ಕ್ಯಾಮೊಮೈಲ್

ನೀವೇ ಹೇಳಿ ಸ್ನೇಹಿತರೇ, ಇದನ್ನು ಹೊಟ್ಟೆಕಿಚ್ಚು ಅನ್ನುತ್ತಾರಾ?

ಇವತ್ತು ಬೆಳಿಗ್ಗೆ ಕೆಳಗಿನ ಫ್ಲ್ಯಾಟಿನ ಪದ್ಮಕ್ಕ ಬಂದು, ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದರು. ನಮ್ಮತ್ತೆಗೆ ಅಷ್ಟೇ ಸಾಕಾಯಿತು.

"ಕ್ಯಾಮೊಮೈಲ್ ಟೀ ಕುಡೀರಿ. ನಮ್ಮ ಚಿಕ್ಕ ಸೊಸೆ ಅಂಬತ್ತೂರಿನ ಅವಳ ಮನೆಯಿಂದ ಬರೋವಾಗ ತಂದ್ಕೊಟ್ಳು. ತಿಂಗಳಿಂದ ಎಂಥಾ ನಿದ್ದೆ ಅಂತೀರಿ."

"ಇಲ್ಲಿ ತಮಿಳರ ನಾಟ್ಟು ಮರುಂದು ಅಂಗಡೀಲಿ, ಅದೇ ನಾಟಿ ಔಷಧಿ ಅಂಗಡೀಲಿ, ಸೀಮೈ ಚಾಮಂದಿ ಅಂತ ಸೇವಂತಿಗೆಯಂಥ ಒಣಗಿದ ಹೂವು ಕೊಡ್ತಾರಲ್ಲ, ಅದೇ ತಾನೇ?"

"ಅದೆಲ್ಲ ಬೇರೆ. ಇದು ಅವಳು ತಂದಿದ್ದು."

ಮದುವೆಯಾಗಿ ಬಂದಾಗಿನಿಂದ ದಿನಾ ಸಂಜೆ ಅತ್ತೆಗೆ ಜೀರಿಗೆ ಕಷಾಯ ಕಾಸಿಕೊಡುತ್ತಿರುವವಳು ನಾನು. ಅದನ್ನು ಅವರು ಇಂದಿಗೂ ಹೆಸರಿಟ್ಟು ಕರೆದಿಲ್ಲ. "ಅದು ತಾ" ಎನ್ನುತ್ತಾರೆ. ವಾರಗಿತ್ತಿಯ ಕ್ಯಾಮೊಮೈಲ್ ಅನ್ನುವಾಗ ಮಾತ್ರ ಅವರ ನಾಲಿಗೆ ಒಮ್ಮೆಯೂ ತೊದಲುವುದಿಲ್ಲ.

ಪದ್ಮಕ್ಕನಿಗೆ ಒಂದಿಷ್ಟು ಕೊಡೋಣವೆಂದು ಡಬ್ಬ ತೆಗೆದೆ. ಸೀಲೇ ಒಡೆದಿರಲಿಲ್ಲ.

"ಅತ್ತೆ, ನೀವು ಇದನ್ನ ಕುಡಿದೇ ಇಲ್ವಲ್ಲ?"

ಅತ್ತೆ ಸ್ವಲ್ಪವೂ ವಿಚಲಿತರಾಗಲಿಲ್ಲ. "ಕುಡೀಬೇಕು ಅಂತೇನಿಲ್ಲ ಕಣೆ. ಅದು ಮನೇಲಿದೆ ಅನ್ನೋ ಧೈರ್ಯಕ್ಕೇ ನಿದ್ದೆ ಬರುತ್ತೆ."

ಹದಿನಾಲ್ಕು ವರ್ಷದಿಂದ ನಾನೂ ಮನೆಯಲ್ಲೇ ಇದ್ದೇನೆ.