ಮೊದಲ ಕಾಯಿ ಯಾವ ಮಗ್ಗಕ್ಕೆ?

ನಾನು ಚಿಕ್ಕವನಿದ್ದಾಗ, ಬನಹಟ್ಟಿಯ ನಮ್ಮ ಮನೆಗೆ ಕರೆಂಟಿನ ಮಗ್ಗ ಬಂದ ವರ್ಷದ ಮಾತಿದು. ಪಡಸಾಲೆಯಲ್ಲಿ ಅಜ್ಜನ ಕಾಲದ ಮಗ್ಗವಿತ್ತು. ಅಪ್ಪ ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಹೊಸ ಯಂತ್ರ ಹಿಂದಿನ ಕೋಣೆಯಲ್ಲಿ ಎಣ್ಣೆಯ ವಾಸನೆ ಬೀರುತ್ತ ನಿಂತಿತ್ತು. ಅದು ಓಡಿದರೆ ಅಡುಗೆಮನೆಯ ತಾಟುಗಳೂ ಗಡಗಡ ನಡುಗುತ್ತಿದ್ದವು.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ನಮ್ಮ ಓಣಿಯಲ್ಲಿ ಯಾವ ಮಗ್ಗವೂ ಆಡುವುದಿಲ್ಲ. ಲಾಳಿ, ಕತ್ತರಿ, ಈಳಿಗೆ, ಸೈಕಲ್ಲು ಎಲ್ಲವನ್ನೂ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸುತ್ತೇವೆ. ಮೊದಲ ತೆಂಗಿನಕಾಯಿ ಮನೆಯ ಮುಖ್ಯ ಮಗ್ಗಕ್ಕೆ. ಆ ವರ್ಷವೂ ಅಪ್ಪ ಕಾಯಿ ಹಿಡಿದು ಎಂದಿನಂತೆ ಪಡಸಾಲೆಗೆ ಬಂದ. ಅಪ್ಪನ ತಮ್ಮ, ನಮ್ಮ ಕಾಕಾ, ತಡೆದ.

"ಅಣ್ಣಾ, ಮೊದಲ ಹೊಸಾದಕ್ಕ ಒಡೀರಿ. ಇನ್ಮ್ಯಾಲ ಅನ್ನ ಹಾಕೂದು ಅದ. ಇದೇನು, ಬರೇ ಕೈಮಗ್ಗ!"

ಅಪ್ಪನ ಮುಖ ಸಣ್ಣದಾಯಿತು. ತನ್ನ ತಂದೆ ಕೂತೆದ್ದ ಮಗ್ಗವನ್ನು ತಮ್ಮನೇ ಹಿಂದೆ ಸರಿಸಿದ್ದು ಅವನಿಗೆ ಚುಚ್ಚಿತ್ತು.

ಜಮಖಂಡಿಯ ಕಾಲೇಜಿನಲ್ಲಿ ಓದುತ್ತಿದ್ದ ಅಕ್ಕ ಹಬ್ಬಕ್ಕೆ ಊರಿಗೆ ಬಂದಿದ್ದಳು. ಅವಳು ಸುಮ್ಮನಿರುವವಳಲ್ಲ.

"ಕಾಕಾ, ಹ್ಯಾಂಡ್‌ಲೂಮ್ ಅನ್ನೂ ಹೆಸರು ಹೆಂಗ ಹುಟ್ಟಿತು ಗೊತ್ತೇನ್ರಿ? ಕಾಲೇಜಿನ ಡಿಕ್ಷನರಿಯೊಳಗ ನೋಡೇನಿ. ಮೊದಲ ಇಂಗ್ಲಿಷಿನ್ಯಾಗ ಲೂಮ್ ಅಂದ್ರ ಕೆಲಸದ ಯಾವ ಸಾಮಾನಾದ್ರೂ ಆಗ್ತಿತ್ತಂತ. ಆಮ್ಯಾಲ ಅದು ಮಗ್ಗದ ಹೆಸರಾಗಿ ಉಳೀತು. ಮುಂದ ಮಷೀನ್ ಬಂದ ಮ್ಯಾಲನ ಅದಕ್ಕ ಹ್ಯಾಂಡ್ ಅಂತ ಹಚ್ಚಿದ್ರು. ಅಲ್ಲೀತನಕ ಎಲ್ಲಾ ಮಗ್ಗಾನೂ ಕೈಲೇನ ಆಡ್ತಿದ್ದವಲ್ರಿ!"

ಅಪ್ಪ ಮಗ್ಗದ ಮೇಲೆ ಕೈಯಿಟ್ಟ.

"ಖರೆ. ನಮ್ಮಪ್ಪ ಒಂದ ದಿನಾನೂ ಕೈಮಗ್ಗ ಅಂದಾಂವಲ್ಲ. ಮಗ್ಗ ಅಂತಿದ್ದ, ಅಷ್ಟ."

ಕಾಕಾ ತಲೆ ಕೆರೆದುಕೊಂಡ. "ಹಂಗಾರ ಇದ ಹಿರೇದು ಬಿಡು. ಒಡೀರಿ ಅಣ್ಣಾ!" ಅಪ್ಪ ಒಂದೇ ಏಟಿಗೆ ಕಾಯಿ ಒಡೆದ. ಸಂಜೆ ಪ್ರಸಾದಕ್ಕೆ ಬಂದವರಿಗೆಲ್ಲ ಈ ಕತೆ ಹೇಳಿದ್ದು ಕಾಕಾನೇ, ಡಿಕ್ಷನರಿ ತಾನೇ ಬರೆದವನ ಹಾಗೆ! ಅಪ್ಪ ಮಾತ್ರ ಪ್ರತಿ ಸಲವೂ, "ಹುಡುಕಿದಾಕಿ ನನ್ನ ಮಗಳು" ಎಂದು ಸೇರಿಸುತ್ತಿದ್ದ. ನಾನು ಅಕ್ಕನ ಪಕ್ಕ ಎದೆಯುಬ್ಬಿಸಿ ಕೂತಿದ್ದೆ.

ನಮ್ಮ ಮನೆಯ ಮಕ್ಕಳೇ, ಒಂದು ಶಬ್ದದ ಹುಟ್ಟು ತಿಳಿಯಲು ಅಕ್ಕ ಬಸ್ಸು ಹತ್ತಿ ಜಮಖಂಡಿಗೆ ಹೋಗಬೇಕಿತ್ತು. ನಿಮಗೆ ಅಂಗೈಯಲ್ಲಿನ ಮೊಬೈಲೇ ಹೇಳಿಬಿಡುತ್ತದೆ. ಆ ಮೊಬೈಲು ಬಂದದ್ದೇ, ನಾವು ಬರೇ ಫೋನ್ ಎನ್ನುತ್ತಿದ್ದುದನ್ನು ನೀವು ಆಗಲೇ ಲ್ಯಾಂಡ್‌ಲೈನ್ ಮಾಡಿದ್ದೀರಿ! ಇರಲಿ. ಆದರೆ ನಿಮ್ಮ ಶಾಲೆಯಲ್ಲಿ ಹ್ಯಾಂಡ್‌ಲೂಮ್ ಎಂಬ ಮಾತು ಬಂದರೆ ಎದ್ದು ನಿಂತು ಹೇಳಿ: ನಮ್ಮ ಮನೆಯಲ್ಲಿ ಅದಕ್ಕೆ ಮಗ್ಗ ಅನ್ನುತ್ತಿದ್ದರು, ಅಷ್ಟೇ.