ಕತ್ತರಿ ಅಕ್ಕ ಇಳಿಬಿಟ್ಟ ಮೇಜುಬಟ್ಟೆ

ಅಂಗಡಿಗೆ ಬಂದವರನ್ನು ನಾನು ಬೆರಳು ನೋಡಿ ಅಳೆಯುತ್ತೇನೆ. ಬಟ್ಟೆಯನ್ನು ಅಂಗೈಯಿಂದ ಸವರುವವರು ಹೊಗಳಿ ಹೋಗುತ್ತಾರೆ. ಎರಡು ಬೆರಳ ನಡುವೆ ಹಿಡಿದು ಉಜ್ಜುವವರು ಕೊಳ್ಳುತ್ತಾರೆ. ಕತ್ತರಿ ಅಕ್ಕ ಎರಡನೇ ಜಾತಿ. ಗಿಡ್ಡ ಆಳು, ಕುತ್ತಿಗೆಗೆ ಟೇಪು, ತೋಳಿಗೆ ಚುಚ್ಚಿಕೊಂಡ ಗುಂಡುಸೂಜಿ, ಬಾಯಿ ತೆರೆದರೆ ಚೌಕಾಸಿ. ಬೀದಿಯ ಅರ್ಧ ಜನರ ಬಟ್ಟೆ ಮನೆಯಲ್ಲೇ ಹೊಲಿದು, ಮಗನನ್ನು ಓದಿಸಿ ಮದುವೆ ಮಾಡಿದವರು.

ಒಂದು ದಿನ ಚೌಕಾಸಿ ಮಾಡದೆ ಬಟ್ಟೆ ಹರಿಸಿಕೊಂಡರು. ನನಗೆ ಗಾಬರಿಯಾಯಿತು.

"ಯಾಕಕ್ಕಾ, ಹುಷಾರಿಲ್ವಾ?"

"ಮೇಜು ಸುಟ್ಟೆ, ಅಣ್ಣಾ."

ಸೊಸೆಯ ತವರಿನವರು ಕೊಟ್ಟ ದುಂಡು ಮೇಜು. ಸೊಸೆ ತವರಿಗೆ ಹೋಗಿದ್ದಳು. ಯಾರದೋ ಅಂಗಿಯ ಹೊಲಿಗೆ ಒತ್ತಲು ಅಕ್ಕನಿಗೆ ಹತ್ತಿರ ಸಿಕ್ಕ ಸಮತಟ್ಟು ಜಾಗ ಅದೇ. ಇಸ್ತ್ರಿಪೆಟ್ಟಿಗೆ ಅಲ್ಲೇ ಇಟ್ಟು ಗುಂಡಿ ಹುಡುಕಲು ಹೋಗಿದ್ದಾರೆ. ಬಂದು ನೋಡಿದರೆ ಮೇಜಿನ ಅಂಚಿನಲ್ಲಿ ಕಪ್ಪು ಮುದ್ರೆ.

"ಭಾನುವಾರ ಸೊಸೆ ಜೊತೆ ಬೀಗಿತ್ತೀನೂ ಬರ್ತಾರೆ. ಆ ಹುಡುಗಿ ಇನ್ನೂ ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡಿಲ್ಲ. ಅವರಮ್ಮ ಇದನ್ನ ನೋಡಿದ್ರೆ ಇನ್ನು ಮಾತಾಡೋದೂ ಇಲ್ಲ. ಅದಕ್ಕೇ ಮೇಜಿಗೆ ಬಟ್ಟೆ ಹೊದಿಸಿಬಿಡ್ತೀನಿ."

ಮರುದಿನ ಸಂಜೆ ಅಂಚಿಗೆ ಕೂಡಿಸಿ ಹೊಲಿಯಲು ಬೇಕಾದ, ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಕೊಡಲು ಅವರ ಮನೆಗೆ ಹೋದೆ. ಬಟ್ಟೆಯನ್ನು ನಾಲ್ಕಾಗಿ ಮಡಚಿ, ಮೂಲೆಯಲ್ಲಿ ದಾರದ ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಕಟ್ಟಿದ ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಸಿ ಮೇಜಿಗೆ ಹೊದಿಸಿದ್ದರು. ಅಂಚು ಹೊಲಿದಿರಲಿಲ್ಲ.

"ಹೊಲಿದು ಮುಗಿಸಿ ಅಕ್ಕಾ, ಅಂಚನ್ನ ಯಾರು ನೋಡ್ತಾರೆ?"

"ನೋಡೋರೇ ಬರ್ತಿದಾರಲ್ಲ. ದುಂಡಗೆ ಕತ್ತರಿಸಿದ್ರೆ ನೂಲು ಓರೆ ಇರೋ ಕಡೆ ಬಟ್ಟೆ ಜಗ್ಗುತ್ತೆ. ಎರಡು ದಿನ ಇಳಿಬಿಟ್ಟು, ಜಗ್ಗಿದ್ದನ್ನ ಸಮ ಮಾಡಿ ಹೊಲಿಬೇಕು. ಇಲ್ಲಾಂದ್ರೆ ನಾಲ್ಕು ಕಡೆ ನಾಲಿಗೆ ಚಾಚುತ್ತೆ."

ಮರ್ಯಾದೆ ಹೋಗುವ ಹೊತ್ತಿನಲ್ಲೂ ಇವರಿಗೆ ಅಂಚಿನ ಚಿಂತೆ. ನಾನು ಪಟ್ಟಿಯ ಬಣ್ಣ ಹೊಂದಿಸಿ ತೋರಿಸುತ್ತಿದ್ದಂತೆ ಬಾಗಿಲಲ್ಲಿ ಚೀಲ ಇಳಿಸಿದ ಸದ್ದಾಯಿತು. ತಾಯಿ ಮಗಳು ಭಾನುವಾರದ ತನಕ ಕಾಯದೆ ಬಂದುಬಿಟ್ಟಿದ್ದರು.

"ನಮ್ಮ ಮೇಜಿಗೆ ಅಂಗಿ ತೊಡಿಸಿದೀರಾ?" ಎಂದರು ಬೀಗಿತ್ತಿ. "ಅಂಥ ಮರಾನ ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತೆ?"

ತಾಯಿ ಚಪ್ಪಲಿ ಬಿಡುವಷ್ಟರಲ್ಲಿ ಸೊಸೆ ಬಟ್ಟೆಯ ಅಂಚು ಎತ್ತಿ ಕಪ್ಪು ಮುದ್ರೆ ನೋಡಿದಳು. ಅಕ್ಕನ ಮುಖ ಸೀಮೆಸುಣ್ಣವಾಯಿತು. ನಾನು ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದೆ. ಅಂಥ ಹೊತ್ತಿನಲ್ಲಿ ವ್ಯಾಪಾರಿಗೆ ಸರಕೇ ಆಸರೆ.

ಸೊಸೆ ಬಟ್ಟೆಯನ್ನು ಮೆಲ್ಲಗೆ ಇಳಿಬಿಟ್ಟಳು. "ಅಮ್ಮಾ, ಎತ್ತಬೇಡ. ಬಟ್ಟೆ ಜಗ್ಗಲಿ ಅಂತ ಅತ್ತೆ ಇಳಿಬಿಟ್ಟಿದಾರೆ. ಘೇರಿನ ಲಂಗಗಳನ್ನೂ ಹೀಗೇ ನೇತುಹಾಕಿ ಆಮೇಲೆ ಅಂಚು ಹೊಲೀತಾರೆ."

"ನೀನ್ಯಾವಾಗ ದರ್ಜಿಯಾದೆ?"

"ಈ ಮನೇಲಿದ್ದು ಇಷ್ಟೂ ಗೊತ್ತಾಗದಿದ್ರೆ ಹೇಗೆ?"

ಬೀಗಿತ್ತಿ ಕೈಕಾಲು ತೊಳೆಯಲು ಒಳಗೆ ಹೋದರು.

"ಇಸ್ತ್ರಿಪೆಟ್ಟಿಗೇನಾ, ಅತ್ತೆ?"

"ಹೂಂ."

"ಹೊಲಿಯುವಾಗ ನನ್ನನ್ನೂ ಕರೀರಿ."

ಭಾನುವಾರ ಸೊಸೆ ಬರಿದಾದ ಮೇಜಿನ ಕಲೆಯ ಮೇಲೆ ಹೊಲಿಗೆ ಬುಟ್ಟಿ ಇಟ್ಟಳಂತೆ, ಅತ್ತೆ ಮಷೀನು ತುಳಿದರಂತೆ, ಸೊಸೆ ಬಟ್ಟೆಯನ್ನು ಎಳೆಯದೆ ಒಡ್ಡಿದಳಂತೆ, ಬೀಗಿತ್ತಿ ಪಕ್ಕದಲ್ಲಿ ಕೂತು ತಪ್ಪು ಹುಡುಕಿದರಂತೆ. ಸೋಮವಾರ ಅಕ್ಕ ಉಳಿದ ಪಟ್ಟಿ ವಾಪಸು ತಂದು ಒಂದು ಗಳಿಗೆ ಚೌಕಾಸಿ ಮಾಡಿದರು. ಮನೆಯಲ್ಲಿ ಎಲ್ಲ ಸರಿಹೋಗಿದೆ ಎಂದು ಅದರಿಂದಲೇ ತಿಳಿಯಿತು.

ಈಗ ದುಂಡು ಮೇಜಿಗೆ ಬಟ್ಟೆ ಕೊಳ್ಳುವವರಿಗೆಲ್ಲ, ಎರಡು ದಿನ ಇಳಿಬಿಟ್ಟು ಆಮೇಲೆ ಅಂಚು ಹೊಲಿಯಿರಿ ಎಂದು ಹೇಳಿ ಕಳಿಸುತ್ತೇನೆ. ಬಟ್ಟೆ ಚೆನ್ನಾಗಿ ಕೂತಿತು ಎಂದು ಅವರು ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ಕತ್ತರಿ ಅಕ್ಕನಿಗೆ ಸೇರಬೇಕಾದದ್ದು.